ಬೋನು ಮತ್ತು ಗೂಟ

ಕಾಶಿಯಲ್ಲಿ ಬಿಡಾರ ಹೂಡಿರುವ ನಮ್ಮ ಕನ್ನಡ ಸಂಸಾರಗಳಿಗೆ ಬೋನಿನ ಪರಿಚಯ ಹೊಸದಲ್ಲ. ಹನುಮಾನ್ ಘಾಟ್, ಜಂಗಮವಾಡಿ ಸುತ್ತಿನ ಇಕ್ಕಟ್ಟು ಗಲ್ಲಿಗಳ ಹಳೆಯ ಮನೆಗಳಲ್ಲಿ ಇಲಿ ಹೆಗ್ಗಣಗಳು ಬಾಡಿಗೆ ಕೊಡದ ಒಕ್ಕಲುಗಳು. ಮಳೆಗಾಲದಲ್ಲಿ ಗಂಗೆ ಏರಿ ಘಾಟಿನ ಮೆಟ್ಟಿಲುಗಳು ಮುಳುಗಿದರೆ, ಬಿಲ ಕಳೆದುಕೊಂಡ ಇನ್ನಷ್ಟು ಬಂಧುಗಳು ಮೇಲಕ್ಕೆ ಬರುತ್ತವೆ. ಆಗ ನಾವು ಅಂಗಡಿಯಿಂದ ‘ಚೂಹೇದಾನಿ’ ತರುತ್ತೇವೆ. ರೊಟ್ಟಿಯ ಚೂರನ್ನೋ ಕೊಬ್ಬರಿಯ ತುಂಡನ್ನೋ ಸಿಕ್ಕಿಸಿ, ದೀಪ ಆರಿಸಿ ಮಲಗುತ್ತೇವೆ. ಬೋನನ್ನು ಯಾವುದಕ್ಕಾದರೂ ಬಿಗಿಯಾಗಿ ಕಟ್ಟಬೇಕೆಂಬ ವಿಚಾರ ಮಾತ್ರ ಅನೇಕರಿಗೆ ಹೊಳೆಯುವುದಿಲ್ಲ. ಈ ಸಣ್ಣ ವಿಚಾರದ ಹಿಂದೆ ಎಷ್ಟು ದೊಡ್ಡ ಸಂಗತಿಯಿದೆ ಎಂಬುದನ್ನು ಓದುಗ ಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಮನೆಯ ಮಾತು. ಹೆಗ್ಗಣ ಅರ್ಧ ಕಿಲೋಗೂ ಮೀರಿ ತೂಗುವ ಪ್ರಾಣಿ. ಹಲಗೆಯ ಮೇಲೆ ತಂತಿ ಬಡಿಯುವಂಥ ಬೋನಿಗೆ ಅದರ ಕಾಲೋ ಬಾಲವೋ ಸಿಕ್ಕರೆ ಬೋನನ್ನೇ ಎಳೆದುಕೊಂಡು ಮೋರಿಯೊಳಗೆ ನುಗ್ಗುತ್ತದೆ. ಮರುದಿನ ಬೋನೂ ಇಲ್ಲ, ಹೆಗ್ಗಣವೂ ಇಲ್ಲ. ನಾಲ್ಕನೆಯ ದಿನ ದುರ್ವಾಸನೆ ಮಾತ್ರ ಇರುತ್ತದೆ. ‘ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ’ ಎಂಬ ಗಾದೆ ನಮಗೆಲ್ಲ ಗೊತ್ತು. ಕಟ್ಟದೆ ಇಟ್ಟ ಬೋನು ಆ ಪ್ರಾಣಸಂಕಟವನ್ನು ನಾಲ್ಕು ದಿನಕ್ಕೆ ಹಿಗ್ಗಿಸುತ್ತದೆ ಅಷ್ಟೆ. ಆದ್ದರಿಂದ ಬೋನಿಗೆ ಒಂದು ಮೊಳ ತಂತಿ ಹಾಕಿ ಕಿಟಕಿಯ ಸರಳಿಗೋ ನಲ್ಲಿಯ ಕೊಳವೆಗೋ ಬಿಗಿಯಬೇಕು. ಬೆಳಗ್ಗೆ ಎದ್ದೊಡನೆ ನೋಡಬೇಕು.

ತುಪ್ಪುಳಿನ ಪ್ರಾಣಿಗಳನ್ನು ಹಿಡಿಯುವುದನ್ನೇ ಕಸುಬಾಗಿ ಮಾಡಿಕೊಂಡ ಚಳಿನಾಡುಗಳಲ್ಲಿ ಈ ಕಟ್ಟುವಿಕೆಯೇ ಒಂದು ವಿದ್ಯೆ. 1670ರಲ್ಲಿ ಸನ್ನದು ಪಡೆದ ಹಡ್ಸನ್ಸ್ ಬೇ ಕಂಪನಿಯ ಕಾಲದಿಂದಲೂ ಕೆನಡಾದ ತುಪ್ಪುಳಿನ ವ್ಯಾಪಾರ ಹೆಸರುವಾಸಿ. ಅಲ್ಲಿನ ಬೇಟೆಗಾರನು ನೆಲವನ್ನು ನೋಡಿ ಗೂಟವನ್ನು ಆರಿಸುತ್ತಾನೆ. ಗಟ್ಟಿ ನೆಲಕ್ಕೆ ಗಿಡ್ಡ ಗೂಟ ಸಾಕು. ಮರಳಿಗೆ, ಮೆಕ್ಕಲು ಮಣ್ಣಿಗೆ ಉದ್ದನೆಯ ಗೂಟವೇ ಬೇಕು, ಇಲ್ಲವೆ ಎರಡು ಗೂಟಗಳನ್ನು ಅಡ್ಡಡ್ಡಲಾಗಿ ಹೊಡೆಯಬೇಕು. ಸರಪಳಿ ಗಿಡ್ಡದಾಗಿರಬೇಕು, ಉದ್ದವಾದರೆ ಪ್ರಾಣಿ ಓಡಿಬಂದು ಜಗ್ಗುತ್ತದೆ, ಗೂಟ ಕೀಳುತ್ತದೆ, ಇಲ್ಲವೆ ಕಾಲೇ ಮುರಿಯುತ್ತದೆ. ನಡುವೆ ತಿರುಗುವ ಕೊಂಡಿ ಇರಬೇಕು. ಇಲ್ಲದಿದ್ದರೆ ಸುತ್ತಿದಷ್ಟೂ ಸರಪಳಿ ಹುರಿಗೊಂಡು ಕಾಲನ್ನು ತಿರುಚುತ್ತದೆ. ಇಷ್ಟೆಲ್ಲ ಮಾಡಿದರೂ ಕಾಲು ಕಚ್ಚುವ ಬೋನಿನ ಕ್ರೌರ್ಯ ಹೋಗುವುದಿಲ್ಲವೆಂದು ಯುರೋಪಿನ ರಾಷ್ಟ್ರಗಳ ಒಕ್ಕೂಟವು 1991ರಲ್ಲಿ ಕಟ್ಟಳೆ ಮಾಡಿ, 1995ರಿಂದ ಅದನ್ನು ತನ್ನ ನೆಲದಲ್ಲಿ ನಿಷೇಧಿಸಿತು.

ನಮ್ಮ ದೇಶದ ಕಾನೂನು ಇನ್ನೂ ಖಂಡಿತವಾದದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಕಾಡುಪ್ರಾಣಿಯನ್ನು ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದು, ಉರುಳೊಡ್ಡುವುದು, ಬೋನಿಡುವುದು, ಅದಕ್ಕೆ ಪ್ರಯತ್ನಿಸುವುದು ಎಲ್ಲವೂ ‘ಬೇಟೆ’ಯೇ. ಹಾಗಿದ್ದರೂ ಕಳ್ಳರ ಗೂಟ ನೆಲದಲ್ಲಿ ಇದ್ದೇ ಇದೆ. ಕಾಶಿಯಿಂದ ಪ್ರಯಾಗ ದಾಟಿ ಕಾನ್ಪುರದತ್ತ ಹೋಗುವ ರೈಲುದಾರಿಯಲ್ಲಿ ಫತೇಪುರ ಜಿಲ್ಲೆಯ ಖಾಗಾ ಎಂಬ ಪುಟ್ಟ ನಿಲ್ದಾಣವನ್ನು ನಮ್ಮಲ್ಲಿ ಅನೇಕರು ಕಂಡಿರಬಹುದು. 2000ದ ಜನವರಿಯಲ್ಲಿ ಆ ಊರಿನಲ್ಲಿ ಅಧಿಕಾರಿಗಳಿಗೆ ಸಿಕ್ಕಿದ್ದು 70 ಚಿರತೆಯ ಚರ್ಮ, 4 ಹುಲಿಯ ಚರ್ಮ, ಸುಮಾರು 18,000 ಚಿರತೆಯ ಉಗುರು! 2003ರ ಅಕ್ಟೋಬರಿನಲ್ಲಿ ಟಿಬೆಟ್ಟಿನಲ್ಲಿ ಹಿಡಿದ ಒಂದೇ ಸರಕಿನಲ್ಲಿ 31 ಹುಲಿ, 581 ಚಿರತೆಗಳ ಜೊತೆಗೆ 778 ನೀರುನಾಯಿಗಳ ಚರ್ಮವಿತ್ತು. ಇಲ್ಲಿನವರು ‘ಊದ್‌ಬಿಲಾವ್’ ಎನ್ನುವ ಪ್ರಾಣಿಯೇ ನಮ್ಮ ನೀರುನಾಯಿ. ಮೀನು ಹಿಡಿದು ಮಕ್ಕಳೊಡನೆ ದಡದಲ್ಲಿ ಹೊರಳಾಡುವ ಆ ಪ್ರಾಣಿಗೆ ಅದರ ದಟ್ಟವಾದ ತುಪ್ಪುಳೇ ಮೃತ್ಯುವಾಯಿತು.

ಇನ್ನು ಮುಂಗುಸಿ. ಹಾವಿನಿಂದ ಕೂಸನ್ನು ಕಾಪಾಡಿ, ಬಾಯಿಯ ರಕ್ತ ಕಂಡು ಮೋಸಹೋದ ತಾಯಿಯ ಕೈಯಲ್ಲೇ ಪ್ರಾಣಬಿಟ್ಟ ಮುಂಗುಸಿಯ ಕಥೆಯನ್ನು ಕೇಳದ ಕನ್ನಡ ಮಗುವುಂಟೆ? ಅದೇ ಮುಂಗುಸಿಯನ್ನು ಉರುಳಿಗೆ ಬೀಳಿಸಿ, ಅದರ ರೋಮದಿಂದ ಚಿತ್ರ ಬರೆಯುವ ಕುಂಚ ಮಾಡುತ್ತಾರೆ. ಒಂದು ಕಿಲೋ ರೋಮಕ್ಕೆ ಸುಮಾರು 50 ಮುಂಗುಸಿಗಳು ಬೇಕೆಂದು ವನ್ಯಜೀವಿ ರಕ್ಷಕರ ಲೆಕ್ಕ. 2019ರಲ್ಲಿ ಕೇಂದ್ರದ ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೋದವರು ಉತ್ತರ ಪ್ರದೇಶವೂ ಸೇರಿ ಹಲವು ರಾಜ್ಯಗಳಲ್ಲಿ ಶೋಧಿಸಿದಾಗ ಸಾವಿರಾರು ಕುಂಚಗಳು ಸಿಕ್ಕವು. ನಮ್ಮ ಮಕ್ಕಳು ಬಣ್ಣದ ಪೆಟ್ಟಿಗೆ ತೆರೆದು ಗಣಪತಿಯ ಚಿತ್ರ ಬರೆಯುವಾಗ, ಕೈಯಲ್ಲಿರುವ ಕುಂಚ ಎಲ್ಲಿಂದ ಬಂತೆಂದು ಕೇಳುವ ಹೊಣೆ ಹಿರಿಯರದಲ್ಲವೆ?

‘ಇದೆಲ್ಲ ಉತ್ತರದ ಕಥೆ, ನಮ್ಮೂರಿಗೂ ಇದಕ್ಕೂ ಏನು?’ ಎಂದು ಯಾರಾದರೂ ಕೇಳಬಹುದು. ತನ್ನ ತಟ್ಟೆಯಲ್ಲಿ ಹೆಗ್ಗಣ ಬಿದ್ದಿರುವಾಗ ಪಕ್ಕದ ಎಲೆಯ ನೊಣ ತೋರಿಸಬಾರದು. ಮಲೆನಾಡಿನ ಕಾಫಿ ತೋಟಗಳಲ್ಲಿ, ಬಯಲುಸೀಮೆಯ ಹೊಲದಂಚಿನಲ್ಲಿ ಕಾಡುಹಂದಿಗೆಂದು ಬೈಕಿನ ಕ್ಲಚ್ಚಿನ ತಂತಿಯಿಂದ ಉರುಳು ಮಾಡಿ ಬೇಲಿಯ ಕಂಬಕ್ಕೆ ಕಟ್ಟುವುದುಂಟು. ಅದಕ್ಕೆ ಬೀಳುವುದು ಹಂದಿಯೊಂದೇ ಅಲ್ಲ, ಚಿರತೆಯೂ ಬೀಳುತ್ತದೆ. ಕಂಬ ಗಟ್ಟಿಯಿದ್ದರೆ ತಂತಿ ಸೊಂಟವನ್ನು ಕೊಯ್ಯುತ್ತದೆ. ಕಂಬ ಕಿತ್ತರೆ ಗಾಯಗೊಂಡ ಚಿರತೆ ತಂತಿಯೊಡನೆ ಊರ ಬದಿಗೇ ಅಲೆಯುತ್ತದೆ. ಮುಂಜಾನೆ ಹುಲ್ಲು ಕೊಯ್ಯಲು ಹೋದ ಹೆಣ್ಣುಮಗಳಿಗೆ ಅದು ಎದುರಾದರೆ ಗತಿಯೇನು? ಕಟ್ಟಿದವನು ಹಂದಿಯನ್ನು ಮಾತ್ರ ನೆನೆದಿದ್ದ. ಉರುಳಿಗೆ ಆ ವಿವೇಚನೆ ಇರುವುದಿಲ್ಲ.

ನಮ್ಮ ನಾಡಿನಲ್ಲಿ ಒಳ್ಳೆಯ ಮಾತೂ ಇದೆ. ತುಂಗಭದ್ರೆಯ 34 ಕಿಲೋಮೀಟರು ಹರಿವನ್ನು 2015ರಲ್ಲಿ ಕರ್ನಾಟಕ ಸರ್ಕಾರ ನೀರುನಾಯಿಗಳಿಗಾಗಿಯೇ ಮೀಸಲಿಟ್ಟಿತು. ಹಂಪೆ ನೋಡಲು ಹೋದವರು ನದಿಯ ಬಂಡೆಗಳ ಮೇಲೆ ಅವುಗಳ ಸಂಸಾರವನ್ನು ಕಾಣುವ ಭಾಗ್ಯವುಂಟು. ಹೊರನಾಡಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ವಿರೂಪಾಕ್ಷನ ಗೋಪುರದೊಡನೆ ಇದನ್ನೂ ತೋರಿಸಬೇಕು.

ಹೇಳಬೇಕಾದ ಮಾತು ಇಷ್ಟೆ: ಬೋನಿಟ್ಟವನು ಬೋನಿಗೆ ಕಟ್ಟುಬಿದ್ದವನು. ಎಲ್ಲಿ ಕಟ್ಟಿದ್ದೇವೆ, ಯಾರು ಸಿಕ್ಕಾರು, ಎಷ್ಟು ಹೊತ್ತಿಗೆ ಹೋಗಿ ನೋಡುತ್ತೇವೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿಲ್ಲದವನು ಬೋನು ಮುಟ್ಟಬಾರದು. ಮನೆಯ ಇಲಿಗೆ ಪಂಜರದ ಬೋನಿಟ್ಟು ಬಿಗಿಯಾಗಿ ಕಟ್ಟಿ, ಬೆಳಗಾಗುತ್ತಲೇ ನೋಡಿ. ಕುಂಚ ಕೊಳ್ಳುವಾಗ ನೈಲಾನಿನದನ್ನೇ ಕೇಳಿ ಪಡೆಯಿರಿ. ರಜೆಗೆ ಊರಿಗೆ ಹೋದಾಗ ಅಣ್ಣತಮ್ಮಂದಿರೊಡನೆ ಹೊಲದ ಬೇಲಿಯನ್ನು ಒಂದು ಸುತ್ತು ಹಾಕಿ. ತಂತಿಯ ಕುಣಿಕೆ ಕಂಡರೆ ಬಿಚ್ಚಿಸಿ. ಪ್ರಾಣಿ ಸಿಕ್ಕಿಕೊಂಡಿದ್ದರೆ ಹತ್ತಿರ ಹೋಗದೆ, ಜನ ಸೇರಿಸದೆ, ಕರ್ನಾಟಕ ಅರಣ್ಯ ಇಲಾಖೆಯ 1926 ಸಂಖ್ಯೆಗೆ ಫೋನು ಮಾಡಿ. ಊರಿನಿಂದ ದೂರವಿರುವ ನಮ್ಮ ಮಾತಿಗೆ ಊರಿನವರು ಇನ್ನೂ ಬೆಲೆ ಕೊಡುತ್ತಾರೆ. ಆ ಬೆಲೆಯನ್ನು ಇಂಥ ಕೆಲಸಕ್ಕೂ ಒಂದಿಷ್ಟು ಬಳಸೋಣ.