"ನಮ್ಮ ಜಮೀನು" ಎಂದರೆ ಯಾರ ಜಮೀನು?

ಗೂಡಲೂರು: ಮಸಿನಗುಡಿ, ಗೂಡಲೂರು ಕಡೆಯ ಕನ್ನಡಿಗರಿಗೆ ಎರಡು ಭಾಷೆ ನೀರು ಕುಡಿದಷ್ಟು ಸಲೀಸು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು. ಆದರೂ ತಮಿಳಿನಲ್ಲಿ ಅರ್ಜಿ ಬರೆಯುವಾಗ ಒಂದು ಸಣ್ಣ ಪದ ಕೈಕೊಡುವುದುಂಟು. ಅದು "ನಮ್ಮ".

ಇಂದಿನ ಕನ್ನಡಕ್ಕೆ ಒಂದೇ "ನಮ್ಮ". ಎದುರಿಗಿರುವವನೂ ಅದರಲ್ಲಿ ಸೇರಿದ್ದಾನೆಯೇ ಎಂಬುದನ್ನು ಸಂದರ್ಭ ನೋಡಿ ತಿಳಿಯಬೇಕು. ತಮಿಳಿನಲ್ಲಿ ಹಾಗಲ್ಲ. "ಎಂಗಳ್ ನಿಲಂ" ಎಂದರೆ ನಮ್ಮದು, ನಿಮ್ಮದಲ್ಲ. "ನಮದು ನಿಲಂ" ಎಂದರೆ ನಮ್ಮ ನಿಮ್ಮ ಇಬ್ಬರದೂ. ಮಾತಿನಲ್ಲಿ ತಮಿಳರೂ ಪ್ರೀತಿಯಿಂದ ಎಲ್ಲದಕ್ಕೂ "ನಮ್ಮ" ಹಚ್ಚುತ್ತಾರೆ, ಅದಕ್ಕೆ ಯಾರೂ ತಕರಾರು ಮಾಡುವುದಿಲ್ಲ. ಆದರೆ ಗಡಿ ತಕರಾರಿನ ಕಾಗದದಲ್ಲಿ ಪಕ್ಕದ ಜಮೀನಿನವನಿಗೆ "ನಮದು ನಿಲಂ" ಎಂದು ಬರೆದುಕೊಟ್ಟರೆ ಅವನಿಗೂ ಪಾಲು ಕೊಟ್ಟಂತೆ ಓದಿಸಿಕೊಳ್ಳುತ್ತದೆ. 1969ರ ಜನ್ಮಂ ರದ್ದತಿ ಕಾಯಿದೆಯ ನಂತರವೂ ದಶಕಗಳ ಕಾಲ ವ್ಯಾಜ್ಯ ಕಂಡ ಗೂಡಲೂರಿನಲ್ಲಿ ಇದು ತಮಾಷೆಯ ಮಾತಲ್ಲ.

ಹಳಗನ್ನಡದಲ್ಲಿ ಎನ್ನ, ಎಮ್ಮ ಎಂಬ ರೂಪಗಳೂ ಇದ್ದವು. ವಚನ ಓದಿದವರಿಗೆ "ಎನ್ನ" ಹೊಸದಲ್ಲ. ಬಡಗರ ಮನೆಗಳಲ್ಲಿ ಅದು ಇನ್ನೂ ದಿನಬಳಕೆಯ ಮಾತು. ಬಡಗರು "ಎನ್ನ" ಎಂದರೆ ನನ್ನ ಎಂದರ್ಥ. ತಮಿಳರು "ಎನ್ನ" ಎಂದರೆ ಏನು ಎಂಬ ಪ್ರಶ್ನೆ! ಹೊಸದಾಗಿ ಊಟಿಗೆ ಬಂದವರು ಇಲ್ಲಿ ಒಂದು ಕ್ಷಣ ತಬ್ಬಿಬ್ಬಾದರೆ ಆಶ್ಚರ್ಯವಿಲ್ಲ. 2011ರ ಜನಗಣತಿಯಲ್ಲಿ ಬಡಗವನ್ನು ಮಾತೃಭಾಷೆ ಎಂದು ಬರೆಸಿದವರು 1,33,550 ಮಂದಿ. ಗಣತಿ ಅವರನ್ನು ಕನ್ನಡದ ಲೆಕ್ಕಕ್ಕೇ ಸೇರಿಸಿದೆ.

1846ರಲ್ಲಿ ಕೇತ್ತಿಯಲ್ಲಿ ನೆಲೆಯೂರಿದ ಬಾಸೆಲ್ ಮಿಶನ್ನಿನ ಜರ್ಮನ್ ಪಾದ್ರಿಗಳಿಗೆ ಈ ಮಾತುಗಳನ್ನು ಕಲಿಯುವುದು ಒಂದು ರೀತಿಯಲ್ಲಿ ಸುಲಭ, ಇನ್ನೊಂದು ರೀತಿಯಲ್ಲಿ ಕಷ್ಟ. ಜರ್ಮನ್ನಿನಲ್ಲಿ "ನನ್ನ" ಎಂಬ ಪದ ವಸ್ತುವಿನ ಲಿಂಗಕ್ಕೆ ತಕ್ಕಂತೆ ಬದಲಾಗುತ್ತದೆ. ಮನೆಯಾದರೆ "ಮೈನ್", ಶಾಲೆಯಾದರೆ "ಮೈನೆ". ಪೋಲೆಂಡಿನ ಆಚೆಗಿರುವ ಬೆಲರೂಸಿನ ಭಾಷೆಯಲ್ಲೂ ಹೀಗೆಯೇ: ಮನೆಗೆ "ಮೋಯ್", ಶಾಲೆಗೆ "ಮಾಯಾ". ಕನ್ನಡದಲ್ಲಿ ಮನೆಯಾಗಲಿ, ಎಮ್ಮೆಯಾಗಲಿ, "ನನ್ನ" ಅಲುಗುವುದಿಲ್ಲ.

ಕಷ್ಟವಿದ್ದದ್ದು ಕ್ರಿಯಾಪದದಲ್ಲಿ. ಜರ್ಮನ್ನರಿಗೆ ಹೊಂದಿರುವುದನ್ನು ಹೇಳಲು "ಹಾಬೆನ್" ಎಂಬ ಪ್ರತ್ಯೇಕ ಕ್ರಿಯಾಪದವಿದೆ. ನಮ್ಮ ಆಡುಮಾತಿನಲ್ಲಿ ಅಂಥದ್ದಿಲ್ಲ. "ನನಗೆ ಜಮೀನಿದೆ", "ನನ್ನ ಹತ್ತಿರ ದುಡ್ಡಿದೆ" ಎನ್ನುತ್ತೇವೆ. ತಮಿಳರೂ ಅಷ್ಟೇ, "ಎನಕ್ಕು ನಿಲಂ ಇರುಕ್ಕು", "ಎನ್‌ಕಿಟ್ಟ ಪಣಂ ಇರುಕ್ಕು". ವಿಶೇಷವೆಂದರೆ ಜರ್ಮನ್ನಿಗಿಂತ ಬೆಲರೂಸಿನವರು ಇಲ್ಲಿ ನಮಗೆ ಹತ್ತಿರ. ಅವರಲ್ಲಿ ಹೊಂದು ಎಂಬ ಕ್ರಿಯಾಪದವಿದ್ದರೂ, ದಿನನಿತ್ಯದ ಮಾತಿನಲ್ಲಿ "ನನ್ನ ಬಳಿ ಮನೆ ಉಂಟು" ಎಂಬ ಧಾಟಿಯಲ್ಲೇ ಹೇಳುತ್ತಾರೆ.

"ತನ್ನ" ಎಂಬ ಪದದಲ್ಲೂ ಇದೇ ನಂಟು. "ಬಸಪ್ಪ ಅಣ್ಣನಿಗೆ ಅವನ ಪಟ್ಟಾ ಕೊಟ್ಟ" ಎಂದರೆ ಪಟ್ಟಾ ಬಸಪ್ಪನದೋ, ಅಣ್ಣನದೋ? "ತನ್ನ ಪಟ್ಟಾ" ಎಂದರೆ ಬಸಪ್ಪನದೇ. ತಮಿಳಿನ "ತನ್", ಬೆಲರೂಸಿನ "ಸ್ವೋಯ್" ಇದೇ ಕೆಲಸ ಮಾಡುತ್ತವೆ. ಜರ್ಮನ್ನಿನ "ಸೈನ್" ಮಾತ್ರ ಎರಡೂ ಅರ್ಥಕ್ಕೆ ಎಳೆದಾಡುತ್ತದೆ.

2006ರ ಕಾಯಿದೆಯಂತೆ ತಮಿಳುನಾಡಿನ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ತಮಿಳು ಕಡ್ಡಾಯವಾದ್ದರಿಂದ ಮಕ್ಕಳಿಗೆ "ಎಂಗಳ್", "ನಮದು" ಗೊತ್ತು. ಗೊತ್ತಿಲ್ಲದಿರುವುದು ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಅಜ್ಜಂದಿರಿಗೆ. ಅರ್ಜಿಯಲ್ಲಿ ಸರ್ವನಾಮದ ಬದಲು ಪಟ್ಟಾದಲ್ಲಿರುವ ಹೆಸರು, ಸರ್ವೆ ನಂಬರ್ ಬರೆಸಿ, ಸಹಿಗೆ ಮುಂಚೆ ಮನೆಯ ಮೊಮ್ಮಗಳಿಂದ ಗಟ್ಟಿಯಾಗಿ ಒಮ್ಮೆ ಓದಿಸಿಕೊಳ್ಳುವುದು ಕ್ಷೇಮ.