ಹಳೆಯ ಇಟಾಲಿಯನ್ ಮೋಟಾರು ಸೈಕಲ್ಲನ್ನು ಕೊಳ್ಳುವವರಿಗೆ

೨೦೨೪ನೆಯ ಇಸವಿಯ ನವರಾತ್ರಿಯಲ್ಲಿ ನಮ್ಮ ತಂಗಿಯ ಮಗನು ಮೈಸೂರಿನಿಂದ ಬೆಂಗಳೂರಿನ ನಮ್ಮ ಮನೆಗೆ ಬಂದವನು, ಬೊಂಬೆಗಳ ಕಡೆಗೆ ಕಣ್ಣನ್ನೂ ಹಾಯಿಸದೆ ನಮ್ಮನ್ನು ಪಡಸಾಲೆಯ ಮೂಲೆಗೆ ಕರೆದು ಒಂದು ಚಿತ್ರವನ್ನು ತೋರಿಸಿದನು. ಅದು ಡುಕಾಟಿ ಎಂಬ ಹೆಸರಿನ ಕೆಂಪು ಬಣ್ಣದ ಮೋಟಾರು ಸೈಕಲ್ಲು.

“ಮಾವ, ಹನ್ನೆರಡು ವರ್ಷದ್ದು. ಆದರೆ ಓಡಿರುವುದು ಬರಿಯ ಏಳು ಸಾವಿರ ಕಿಲೋಮೀಟರು. ಹೊಸದೆಂದೇ ಹೇಳಬೇಕು. ಅಮ್ಮನಿಗೆ ನೀವೇ ಒಂದು ಮಾತು ಹೇಳಿ” ಎಂದನು.

ಹುಡುಗನು ನಾಲ್ಕು ವರ್ಷದ ಸಂಬಳದಲ್ಲಿ ಮೂರೂವರೆ ಲಕ್ಷ ರೂಪಾಯಿಗಳನ್ನು ಕೂಡಿಟ್ಟಿದ್ದನು. ಆ ಹಣದ ಮೇಲೆ ತಾಯಿಗೆ ಬೇರೆ ಲೆಕ್ಕಗಳಿದ್ದುವು. ಆಕೆಯು ನಮಗೆ ಟೆಲಿಫೋನು ಮಾಡಿ, “ಅಣ್ಣಯ್ಯ, ಅವನು ಯಾರ ಮಾತನ್ನೂ ಕೇಳುವಂತಿಲ್ಲ. ನೀನಾದರೂ ಜೊತೆಗೆ ಹೋಗಿ ನೋಡು. ಹಣ ಹೋದರೆ ಹೋಯಿತು, ದಾರಿಯ ಮಧ್ಯೆ ಮುರಿದು ಬೀಳುವಂಥದ್ದನ್ನು ಮಾತ್ರ ತಂದುಕೊಡಬೇಡ” ಎಂದಳು. ಹೀಗೆ ಆ ವ್ಯವಹಾರವು ನಮ್ಮ ಹೆಗಲಿಗೆ ಬಂದಿತು. ಪ್ರಾಯದಲ್ಲಿ ನಾವೊಂದು ಲ್ಯಾಂಬ್ರೆಟಾ ಸ್ಕೂಟರನ್ನು ಇಟ್ಟುಕೊಂಡು ಅದರ ಸ್ಕ್ರೂಗಳನ್ನೆಲ್ಲ ಬಿಚ್ಚಿ ಹಾಕಿದ್ದುಂಟು. ಅದೂ ಮೂಲತಃ ಇಟಲಿಯ ಮಿಲಾನ್ ಪಟ್ಟಣದ ಕೂಸು. ಅಷ್ಟೇ ನಮಗಿದ್ದ ಅರ್ಹತೆ.

ಡುಕಾಟಿ ಕಾರಖಾನೆಯು ಬೊಲೊನ್ಯಾ ಪಟ್ಟಣದಲ್ಲಿ ೧೯೨೬ರಲ್ಲಿ ಆರಂಭವಾದುದು ಮೋಟಾರು ಸೈಕಲ್ಲಿಗಾಗಿ ಅಲ್ಲ, ರೇಡಿಯೋ ಬಿಡಿಭಾಗಗಳಿಗಾಗಿ. ಎರಡನೆಯ ಮಹಾಯುದ್ಧದಲ್ಲಿ, ೧೯೪೪ರ ಅಕ್ಟೋಬರಿನಲ್ಲಿ, ಆ ಕಟ್ಟಡಗಳು ಬಾಂಬಿನ ಮಳೆಗೆ ಸಿಕ್ಕಿ ನೆಲಸಮವಾದುವು. ಯುದ್ಧ ಮುಗಿದ ಮೇಲೆ ಜನರ ಕೈಯಲ್ಲಿ ಹಣವಿರಲಿಲ್ಲ, ಓಡಾಟ ಮಾತ್ರ ತಪ್ಪುವಂತಿರಲಿಲ್ಲ. ಆಗ, ಎಂದರೆ ೧೯೪೬ರಲ್ಲಿ, ಬೈಸಿಕಲ್ಲಿಗೆ ಕಟ್ಟಿಕೊಳ್ಳಬಹುದಾದ ೪೮ ಸಿ.ಸಿ.ಯ ಒಂದು ಪುಟ್ಟ ಎಂಜಿನನ್ನು ಅಲ್ಲಿ ತಯಾರಿಸತೊಡಗಿದರು. ಅದರ ಹೆಸರು ಕುಚ್ಚೊಲೊ, ಹಾಗೆಂದರೆ ನಾಯಿಮರಿ. ಅದರ ಕುಂಯ್‌ಗುಟ್ಟುವ ಸದ್ದಿಗೆ ಆ ಹೆಸರು ಒಪ್ಪುತ್ತಿತ್ತೆಂದು ಹೇಳುವರು. ಇಂದು ಲಕ್ಷಗಟ್ಟಲೆ ಬೆಲೆಬಾಳುವ ವಾಹನಗಳ ವಂಶಕ್ಕೆ ಆ ನಾಯಿಮರಿಯೇ ಮೂಲ.

೧೯೫೪ರಲ್ಲಿ ಫಾಬಿಯೊ ತಾಲ್ಯೋನಿ ಎಂಬ ಎಂಜಿನಿಯರು ಅಲ್ಲಿಗೆ ಬಂದನು. ಈ ವಾಹನವನ್ನು ಕೊಳ್ಳುವವರು ಆತನ ಕೆಲಸವನ್ನು ತಕ್ಕಮಟ್ಟಿಗೆ ತಿಳಿದುಕೊಳ್ಳದೆ ಹಣದ ಚೀಲವನ್ನು ಬಿಚ್ಚಬಾರದು. ಎಂಜಿನಿನೊಳಕ್ಕೆ ಪೆಟ್ರೋಲು ಬೆರೆತ ಗಾಳಿಯನ್ನು ಬಿಡುವುದಕ್ಕೂ ಹೊಗೆಯನ್ನು ಹೊರಡಿಸುವುದಕ್ಕೂ ವಾಲ್ವುಗಳೆಂಬ ಬಾಗಿಲುಗಳುಂಟಷ್ಟೆ. ಸಾಧಾರಣವಾದ ಎಂಜಿನುಗಳಲ್ಲಿ ಈ ಬಾಗಿಲನ್ನು ಒಂದು ಸಲಾಕೆಯು ತಳ್ಳಿ ತೆರೆಯುವುದು. ಮುಚ್ಚುವ ಕೆಲಸವನ್ನು ಸ್ಪ್ರಿಂಗು ಮಾಡುವುದು. ವೇಗವು ವಿಪರೀತವಾದಾಗ ಅಂದಿನ ಸ್ಪ್ರಿಂಗುಗಳು ಸೋತು, ಬಾಗಿಲು ಮುಚ್ಚುವುದು ತಡವಾಗುತ್ತಿತ್ತು. ತಾಲ್ಯೋನಿಯು ಸ್ಪ್ರಿಂಗನ್ನು ನಂಬಲಿಲ್ಲ. ತೆರೆಯುವುದಕ್ಕೆ ಒಂದು ಸಲಾಕೆಯಿದ್ದಂತೆ ಮುಚ್ಚುವುದಕ್ಕೂ ಪ್ರತ್ಯೇಕವಾಗಿ ಇನ್ನೊಂದನ್ನು ಇಟ್ಟನು. ಗ್ರೀಕ್ ಮಾತಿನಲ್ಲಿ ಇದನ್ನು ಡೆಸ್ಮೊಡ್ರೋಮಿಕ್ ಎಂದು ಕರೆದರು. ‘ಕಟ್ಟುಬಿದ್ದ ಓಟ’ ಎಂದು ನಾವು ಅರ್ಥ ಹೇಳಿಕೊಳ್ಳಬಹುದು. ಈ ಉಪಾಯವನ್ನು ಇತರರೂ ಮೊದಲೇ ಪ್ರಯೋಗಿಸಿದ್ದುಂಟು, ಬಿಡದೆ ಹಿಡಿದು ನಡೆಸಿದವನು ಮಾತ್ರ ಈತನೇ. ೧೯೫೬ರಲ್ಲಿ ಪಂದ್ಯದ ವಾಹನದಲ್ಲಿಯೂ ೧೯೬೮ರಲ್ಲಿ ಜನರು ಕೊಳ್ಳುವ ವಾಹನದಲ್ಲಿಯೂ ಇದು ಬಂದಿತು.

ಈ ಜಾಣ್ಮೆಗೆ ಗೃಹಸ್ಥನು ತೆರಬೇಕಾದ ಬೆಲೆಯು ಹೀಗೆ: ಒಂದೊಂದು ವಾಲ್ವಿಗೂ ಎರಡೆರಡು ಸಂದುಗಳನ್ನು ಅಳೆಯಬೇಕು. ನಾವು ನೋಡಹೊರಟಿದ್ದುದು ೨೦೧೨ನೆಯ ಇಸವಿಯ ‘ಮಾನ್‌ಸ್ಟರ್ ೭೯೫’. ೮೦೩ ಸಿ.ಸಿ.ಯ, ಗಾಳಿಯಿಂದ ತಂಪಾಗುವ ಎರಡು ಸಿಲಿಂಡರುಗಳ ಎಂಜಿನು. ಸಿಲಿಂಡರಿಗೆ ಎರಡು ವಾಲ್ವುಗಳು. ಎಂದರೆ ಎಂಟು ಅಳತೆಗಳು. ನಾಲ್ಕು ವಾಲ್ವುಗಳ ಮಾದರಿಯಾದರೆ ಹದಿನಾರು. ಸಂದು ಹೆಚ್ಚುಕಡಮೆಯಾಗಿದ್ದರೆ ಕೂದಲೆಳೆಯಷ್ಟು ವ್ಯತ್ಯಾಸದ ಷಿಮ್ಮುಗಳನ್ನು ಬದಲಾಯಿಸಿ ಸರಿಮಾಡಬೇಕು. ಇದು ಬೀದಿಯ ಕೊನೆಯ ಷೆಡ್ಡಿನಲ್ಲಿ ಆಗತಕ್ಕ ಕೆಲಸವಲ್ಲ. (ಕಾಲವು ಬದಲಾಗಿದೆ. ೨೦೨೦ರಲ್ಲಿ ಅದೇ ಕಾರಖಾನೆಯವರು ಮಲ್ಟಿಸ್ಟ್ರಾಡಾ ವಿ೪ ಎಂಬ ವಾಹನಕ್ಕಾಗಿ ಪ್ರಕಟಿಸಿದ ಎಂಜಿನಿನಲ್ಲಿ ಸ್ಪ್ರಿಂಗನ್ನೇ ಮರಳಿ ತಂದು, ೬೦,೦೦೦ ಕಿಲೋಮೀಟರಿಗೊಮ್ಮೆ ನೋಡಿದರೆ ಸಾಕೆಂದರು. ಈಗಿನ ಸ್ಪ್ರಿಂಗುಗಳು ಅಷ್ಟು ಉತ್ತಮವಾಗಿವೆ. ಹಳೆಯದನ್ನು ಕೊಳ್ಳುವವರಿಗೆ ಇದರಿಂದ ಪ್ರಯೋಜನವಿಲ್ಲ.)

ಇದಕ್ಕಿಂತಲೂ ಮುಖ್ಯವಾದುದು ಇನ್ನೊಂದುಂಟು. ಈ ವಾಲ್ವುಗಳನ್ನು ತಾಳಕ್ಕೆ ಸರಿಯಾಗಿ ನಡೆಸುವುದು ಹಲ್ಲುಗಳಿರುವ ಎರಡು ರಬ್ಬರು ಬೆಲ್ಟುಗಳು, ಒಂದೊಂದು ಸಿಲಿಂಡರಿಗೆ ಒಂದೊಂದು. ಬೆಲ್ಟು ಹರಿದರೆ ತೆರೆದ ವಾಲ್ವು ತೆರೆದಂತೆಯೇ ನಿಂತುಬಿಡುವುದು. ಮೇಲೇರಿ ಬರುವ ಪಿಸ್ಟನ್ನು ಅದನ್ನು ಗುದ್ದುವುದು. ಒಂದು ಕ್ಷಣದಲ್ಲಿ ಎಂಜಿನಿನ ಒಳಗೆಲ್ಲ ಹಾಳು. ಓಡುವ ವೇಗದಲ್ಲಿ ಹಿಂದಿನ ಚಕ್ರವೇ ಬಿಗಿದುಕೊಂಡರೂ ಕೊಳ್ಳಬಹುದು. ಆಗ ಸವಾರನ ಗತಿಯನ್ನು ಹೇಳಬೇಕಾಗಿಲ್ಲ. ರಬ್ಬರು ಎಂಬುದು ಓಡಿದರೂ ಸವೆಯುವುದು, ನಿಂತಿದ್ದರೂ ಮುಪ್ಪಾಗುವುದು. ಆದುದರಿಂದಲೇ ಹಳೆಯ ಕೈಪಿಡಿಗಳಲ್ಲಿ ಎರಡು ವರ್ಷಕ್ಕೊಮ್ಮೆ, ಈಚಿನವುಗಳಲ್ಲಿ ಐದು ವರ್ಷಕ್ಕೊಮ್ಮೆ, ವಾಹನವು ಒಂದು ಮೈಲಿಯನ್ನೂ ಓಡದಿದ್ದರೂ ಬೆಲ್ಟನ್ನು ಬದಲಾಯಿಸಬೇಕೆಂದು ವಿಧಿಸಿರುವರು. ನಮ್ಮ ಹುಡುಗನು ಹಿಗ್ಗಿನಿಂದ ಹೇಳಿದ ‘ಏಳು ಸಾವಿರ ಕಿಲೋಮೀಟರು’ ನಮ್ಮ ಮನಸ್ಸಿನಲ್ಲಿ ಸಂಶಯವನ್ನು ಹುಟ್ಟಿಸಿದುದು ಈ ಕಾರಣದಿಂದಲೇ.

ವಾಹನವು ಬಸವನಗುಡಿಯ ಒಂದು ಹಳೆಯ ಮನೆಯ ಹಿತ್ತಲಿನಲ್ಲಿ, ಹಳೆಯ ಪಂಚೆಯ ಹೊದಿಕೆಯ ಕೆಳಗೆ ಇದ್ದಿತು. ಮನೆಯ ಯಜಮಾನರು ಎಪ್ಪತ್ತು ದಾಟಿದವರು. ಕೊಂಡವನು ಅವರ ಮಗ. ೨೦೧೭ರಲ್ಲಿ ಪರದೇಶಕ್ಕೆ ಉದ್ಯೋಗಕ್ಕೆಂದು ಹೋದವನು ಅಲ್ಲಿಯೇ ನೆಲಸಿದ್ದನು. “ಪ್ರತಿ ಭಾನುವಾರ ಐದು ನಿಮಿಷ ನಾನೇ ಚಾಲೂ ಮಾಡಿ ಇಡುತ್ತೇನೆ, ಸ್ವಾಮಿ. ಒಂದು ವಾರವೂ ತಪ್ಪಿಸಿಲ್ಲ” ಎಂದು ಅವರು ಹೇಳಿದಾಗ ನಮಗೆ ಏನು ಹೇಳುವುದೂ ತೋಚಲಿಲ್ಲ. ಐದು ನಿಮಿಷದಲ್ಲಿ ಎಂಜಿನಿನ ಎಣ್ಣೆಯು ಪೂರ್ತಿ ಕಾಯುವುದಿಲ್ಲ. ಒಳಗೆ ಹುಟ್ಟಿದ ತೇವವು ಆವಿಯಾಗಿ ಹೋಗದೆ ಎಣ್ಣೆಯಲ್ಲಿಯೇ ಉಳಿಯುವುದು. ಪ್ರೀತಿಯಿಂದ ಮಾಡಿದ ಆರೈಕೆಯೇ ಅಪಥ್ಯವಾಗಿದ್ದಿತು. ಅವರ ಮುಖವನ್ನು ನೋಡಿ ಅದನ್ನು ಆಡಲು ನಮಗೆ ಬಾಯಿ ಬರಲಿಲ್ಲ.

ಹಸುವನ್ನು ಕೊಳ್ಳುವವರು ಸುಳಿಯನ್ನೂ ಹಲ್ಲನ್ನೂ ನೋಡುವರು. ನಾವು ಮೊದಲು ಎಂಜಿನಿನ ಮೇಲೆ ಅಂಗೈಯಿಟ್ಟೆವು. ಬೆಚ್ಚಗಿದ್ದರೆ ಮೊದಲೇ ಚಾಲೂ ಮಾಡಿ ಇಟ್ಟಿರುವರೆಂದು ತಿಳಿಯಬೇಕು. ತಣ್ಣಗಿರುವಾಗ ಮಾತ್ರವೇ ಎಂಜಿನು ತನ್ನ ನಿಜವನ್ನು ಹೇಳುವುದು. ಇದು ತಣ್ಣಗಿದ್ದಿತು, ಎರಡನೆಯ ಯತ್ನಕ್ಕೆ ಹೊತ್ತಿಕೊಂಡಿತು, ಹೊಗೆಯಿಲ್ಲ. ಬ್ಯಾಟರಿಯ ಎರಡು ತುದಿಗಳಿಗೆ ಮಲ್ಟಿಮೀಟರನ್ನು ಹಿಡಿದು ಎಂಜಿನನ್ನು ಸ್ವಲ್ಪ ಏರಿಸಿದಾಗ ಹದಿನಾಲ್ಕು ವೋಲ್ಟು ತೋರಿಸಿತು. ಹದಿಮೂರೂವರೆಗೆ ಕಡಮೆಯಿದ್ದಿದ್ದರೆ ವಿದ್ಯುತ್ತಿನ ವ್ಯವಸ್ಥೆಯನ್ನು ಶಂಕಿಸಬೇಕಾಗುತ್ತಿತ್ತು. ಮುಂದಿನ ಫೋರ್ಕನ್ನು ಒತ್ತಿದಾಗ ನಳಿಗೆಯ ಮೇಲೆ ಎಣ್ಣೆಯ ಉಂಗುರ ಮೂಡಿತು: ಸೀಲುಗಳು ಒಣಗಿದ್ದುವು. ಬ್ರೇಕಿನ ದ್ರವವು ಕಷಾಯದ ಬಣ್ಣಕ್ಕೆ ತಿರುಗಿದ್ದಿತು. ಟೈರುಗಳು ನೋಟಕ್ಕೆ ಬಹು ಸೊಗಸು, ಅಚ್ಚೊಂದೂ ಸವೆದಿರಲಿಲ್ಲ. ಆದರೆ ಟೈರಿನ ಪಕ್ಕದಲ್ಲಿ ನಾಲ್ಕು ಅಂಕೆಗಳ ಒಂದು ಗುರುತು ಇರುವುದನ್ನು ಎಲ್ಲರೂ ಅರಿತಿರಬೇಕು. ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ತಿಳಿಸುವುವು. ಇದರ ಮೇಲೆ ೦೯೧೨ ಎಂದಿದ್ದಿತು. ಎಂದರೆ ೨೦೧೨ರ ಒಂಬತ್ತನೆಯ ವಾರ. ಹುಡುಗನು ಅದನ್ನು ಎರಡು ಸಲ ಓದಿಕೊಂಡು ಸುಮ್ಮನಾದನು.

ಕಾಗದಪತ್ರಗಳನ್ನು ಯಜಮಾನರು ದೇವರ ಮನೆಯ ಕಪಾಟಿನಿಂದ ತಂದರು. ಇಂಥ ವಾಹನದಲ್ಲಿ ಬಣ್ಣಕ್ಕಿಂತ, ಹೊಳಪಿಗಿಂತ, ಈ ಕಾಗದಗಳಿಗೇ ನಾವು ಹೆಚ್ಚಿನ ಬೆಲೆ ಕೊಡುವೆವು. ೨೦೧೬ರವರೆಗಿನ ರಶೀದಿಗಳೆಲ್ಲ ಕ್ರಮವಾಗಿದ್ದುವು. ಬೆಲ್ಟು ಬದಲಾಯಿಸಿದ ರಶೀದಿಯು ಮಾತ್ರ ಅವುಗಳಲ್ಲಿ ಇರಲಿಲ್ಲ.

ರಿಜಿಸ್ಟ್ರೇಷನ್ ಪತ್ರದಲ್ಲಿದ್ದುದು ಮಗನ ಹೆಸರು. ಮಾಲೀಕತ್ವದ ವರ್ಗಾವಣೆಗೆ ೨೯ ಮತ್ತು ೩೦ನೆಯ ನಂಬರಿನ ಫಾರಂಗಳಿಗೆ ಅವನೇ ಸಹಿ ಹಾಕಬೇಕು, ತಂದೆಯ ಸಹಿ ನಡೆಯದು. ಆರ್.ಟಿ.ಓ. ಕಛೇರಿಗೆ ಆಮೇಲೆ ಹೋದರಾಯಿತು, ಮೊದಲು ಹಣ ಕೊಟ್ಟು ವಾಹನವನ್ನು ಒಯ್ಯಿರೆಂದು ನಡುವಿದ್ದ ದಲ್ಲಾಳಿಯು ಸೂಚಿಸಿದನು. ನಮ್ಮ ಹುಡುಗನೂ ಅದಕ್ಕೆ ಒಲಿದನು. ನಾವು ಒಪ್ಪಲಿಲ್ಲ. ಕಛೇರಿಯ ಪುಸ್ತಕದಲ್ಲಿ ಯಾರ ಹೆಸರಿರುವುದೋ, ಅಪಘಾತವಾದರೆ ಹೊಣೆಯು ಅವರ ಮೇಲೆಯೇ ಬೀಳುವುದೆಂದು ಸುಪ್ರೀಂ ಕೋರ್ಟು ೨೦೧೮ರಲ್ಲಿ ತೀರ್ಪಿತ್ತಿದೆ. ಇದನ್ನು ಕೇಳಿದಾಗ ಯಜಮಾನರೇ, “ಹಾಗಾದರೆ ಡಿಸೆಂಬರಿನಲ್ಲಿ ಮಗ ಬರುವವರೆಗೆ ಕಾಯೋಣ” ಎಂದರು. ಸಾಲದ ಮೇಲೆ ಕೊಂಡ ವಾಹನವಾದರೆ ಬ್ಯಾಂಕಿನ ಒಪ್ಪಿಗೆಯೂ ೩೫ನೆಯ ಫಾರಮೂ, ಬೇರೆ ರಾಜ್ಯದ್ದಾದರೆ ೨೮ನೆಯ ಫಾರಮೂ ಇಲ್ಲಿನ ತೆರಿಗೆಯೂ ಬೇಕು; ಇವು ನಮಗೆ ಬೇಕಾಗಲಿಲ್ಲ. ರಿಜಿಸ್ಟ್ರೇಷನ್ನಿನ ಹದಿನೈದು ವರ್ಷದ ಅವಧಿಯಲ್ಲಿ ಇನ್ನು ಮೂರೇ ವರ್ಷ ಉಳಿದಿದ್ದಿತೆಂಬುದನ್ನು ಬೆಲೆ ಮಾತನಾಡುವಾಗ ಮರೆಯಲಿಲ್ಲ.

ಆ ಎರಡು ತಿಂಗಳಲ್ಲಿ ಹುಡುಗನ ಮನಸ್ಸು ಬೇರೆಡೆಗೆ ತಿರುಗಬಹುದೆಂದು ಅವನ ತಾಯಿಯು ಆಶಿಸಿದ್ದಳು. ತಿರುಗಿತು, ಆದರೆ ಇನ್ನೊಂದು ಇಟಾಲಿಯನ್ನಿನ ಕಡೆಗೇ! ಅದು ಮೋಟೊ ಗುಟ್ಸಿ. ೧೯೨೧ರಲ್ಲಿ ಆರಂಭವಾಗಿ ಕೋಮೊ ಸರೋವರದ ದಡದ ಮಾಂದೆಲ್ಲೊ ಊರಿನಲ್ಲಿ ಬೆಳೆದ ಮನೆತನ. ನಿಜ ಹೇಳಬೇಕೆಂದರೆ ಕೈಯಾರೆ ಕೆಲಸ ಮಾಡಿಕೊಳ್ಳುವವರಿಗೆ ಅದೇ ಮೇಲು. ಸಿಲಿಂಡರುಗಳೆರಡೂ ಆನೆಯ ಕಿವಿಗಳಂತೆ ಎರಡು ಪಕ್ಕಕ್ಕೆ ಚಾಚಿಕೊಂಡಿರುವುವು. ವಿ೭ ಮಾದರಿಯಲ್ಲಿ ಮುಚ್ಚಳವನ್ನು ತೆಗೆದು, ಒಳಬರುವ ವಾಲ್ವಿಗೆ ೦.೧೫ ಮಿಲಿಮೀಟರು, ಹೊರಹೋಗುವ ವಾಲ್ವಿಗೆ ೦.೨೦ ಮಿಲಿಮೀಟರು ಎಂದು ಫೀಲರ್ ಗೇಜನ್ನು ತೂರಿಸಿ ಸ್ಕ್ರೂ ತಿರುಗಿಸಿದರೆ ತೀರಿತು. ಭಾನುವಾರದ ಬೆಳಗಿನ ಕಾಫಿಗೂ ಊಟಕ್ಕೂ ನಡುವೆ ಮುಗಿಯುವ ಕೆಲಸ. ಚೈನಿನ ಬದಲು ದಂಡವೇ ಚಕ್ರವನ್ನು ತಿರುಗಿಸುವುದು. ಆದರೆ ನಮ್ಮ ದೇಶದಲ್ಲಿ ಅವು ಬಹಳ ವಿರಳ. ಒಂದು ಗ್ಯಾಸ್ಕೆಟ್ಟಿಗೂ ಸಮುದ್ರದಾಚೆಗೆ ನೋಡಬೇಕು. ಹುಡುಗನು ಕೆಂಪು ವಾಹನಕ್ಕೇ ಮರಳಿದನು.

ಕೇಳಿದ ಬೆಲೆ ೩,೧೦,೦೦೦ ರೂಪಾಯಿ. ಬೆಲ್ಟು, ಟೈರು, ಸೀಲು, ವಾಲ್ವಿನ ಅಳತೆ ಇವುಗಳ ಖರ್ಚನ್ನು ಕಾಗದದ ಮೇಲೆ ಬರೆದು ಪರದೇಶದಿಂದ ಬಂದ ಮಗನ ಮುಂದಿಟ್ಟೆವು. ಆತನು ವಿವೇಕಿ, ೨,೪೫,೦೦೦ಕ್ಕೆ ಒಪ್ಪಿದನು. ವಿಮೆಯನ್ನೂ ಹದಿನಾಲ್ಕು ದಿನಗಳೊಳಗೆ ಹೊಸ ಹೆಸರಿಗೆ ಮಾಡಿಸಿದೆವು. ಹುಡುಗನು ಹೆಲ್ಮೆಟ್ಟನ್ನು ಧರಿಸಿಯೇ ಬಂದಿದ್ದನು. ಹತ್ತುವುದಕ್ಕೆ ನಾವು ಬಿಡಲಿಲ್ಲ. ಸಣ್ಣ ಗೂಡ್ಸ್ ಗಾಡಿಯಲ್ಲಿ ಹಗ್ಗದಿಂದ ಕಟ್ಟಿ ಮೆಕ್ಯಾನಿಕ್ಕಿನ ಬಳಿಗೆ ಸಾಗಿಸಿದೆವು. ಆ ದಿನ ಅವನು ನಮ್ಮೊಡನೆ ಸರಿಯಾಗಿ ಮಾತನಾಡಲಿಲ್ಲ.

ಮರುದಿನ ಮೆಕ್ಯಾನಿಕ್ಕನು ಮುಚ್ಚಳವನ್ನು ಬಿಚ್ಚಿ ಬೆಲ್ಟನ್ನು ಹೊರತೆಗೆದು ಹುಡುಗನ ಕೈಯಲ್ಲಿಟ್ಟನು. ಹಿಂದಕ್ಕೆ ಬಗ್ಗಿಸಿದಾಗ ಒಂದೊಂದು ಹಲ್ಲಿನ ಬುಡದಲ್ಲಿಯೂ ಸಣ್ಣ ಬಿರುಕು ಬಾಯಿಬಿಟ್ಟಿತು. ಎಂಟು ಅಳತೆಗಳಲ್ಲಿ ಎರಡು ತಪ್ಪಿದ್ದುವು. ಎಲ್ಲವೂ ಸರಿಯಾಗಿ ಹೊರಬೀಳುವ ಹೊತ್ತಿಗೆ ಎಪ್ಪತ್ತು ಸಾವಿರದ ಹತ್ತಿರ ಖರ್ಚಾಯಿತು. ಹಳೆಯದನ್ನು ಕೊಳ್ಳುವವರು ಇಂಥ ಒಂದು ಗಂಟನ್ನು ಬೇರೆಯಾಗಿ ಕಟ್ಟಿಟ್ಟುಕೊಂಡೇ ಬೆಲೆ ಮಾತನಾಡತಕ್ಕದ್ದು.

ಆಮೇಲಿನ ಪಾಲನೆಯು ಅಷ್ಟು ಕಷ್ಟವಲ್ಲ. ಚೈನನ್ನು ಐನೂರು ಕಿಲೋಮೀಟರಿಗೊಮ್ಮೆ ಒರೆಸಿ ಎಣ್ಣೆ ಹಚ್ಚುವುದು, ಬ್ರೇಕಿನ ದ್ರವವನ್ನು ಎರಡು ವರ್ಷಕ್ಕೊಮ್ಮೆ ಬದಲಾಯಿಸುವುದು, ತಿಂಗಳಿಗೆರಡು ಸಲವಾದರೂ ಊರ ಹೊರಗೆ ಅರ್ಧಗಂಟೆ ಓಡಿಸುವುದು. ಪೆಟ್ರೋಲಿನ ವಿಷಯದಲ್ಲಿ ಒಂದು ಎಚ್ಚರಿಕೆ. ೨೦೨೫ರ ಹೊತ್ತಿಗೆ ದೇಶದ ಬಂಕುಗಳಲ್ಲೆಲ್ಲ ನೂರಕ್ಕೆ ಇಪ್ಪತ್ತರಷ್ಟು ಎಥನಾಲ್ ಬೆರೆತ ಪೆಟ್ರೋಲು ಬಂದಿತು. ಎಥನಾಲು ನೀರಿನ ತೇವವನ್ನು ಹೀರುವುದು, ಹಳೆಯ ರಬ್ಬರು ಕೊಳವೆಗಳನ್ನು ಮೆದುವಾಗಿಸುವುದು. ೨೦೦೦ದ ದಶಕದ ಕೆಲವು ಇಟಾಲಿಯನ್ ವಾಹನಗಳ ಪ್ಲಾಸ್ಟಿಕ್ ಟ್ಯಾಂಕುಗಳು ಎಥನಾಲಿನಿಂದ ಉಬ್ಬಿ ಚೌಕಟ್ಟಿನ ಮೇಲೆ ಕೂರದಂತಾದುದುಂಟು. ಕೊಳ್ಳುವಾಗ ಟ್ಯಾಂಕಿನ ಅಂಚು ಸಮನಾಗಿ ಕೂತಿದೆಯೇ ನೋಡಬೇಕು. ಕೊಂಡ ಮೇಲೆ ಪೆಟ್ರೋಲನ್ನು ತಿಂಗಳುಗಟ್ಟಲೆ ಕೊಳೆಯಿಸಬಾರದು.

೨೦೨೫ರ ಮಳೆಗಾಲದಲ್ಲಿ ಹುಡುಗನು ಸಕಲೇಶಪುರದ ಬಳಿ ಕತ್ತಲಲ್ಲಿ ನಿಂತನು. ದೀಪವು ಮಂಕಾಗಿ ಎಂಜಿನು ಆರಿತು. ಯಂತ್ರದ್ದೇನೂ ತಪ್ಪಿರಲಿಲ್ಲ, ಹಿಂದಿನ ವಾರ ಹೊಳಪಿನ ಆಸೆಯಿಂದ ರಭಸದ ನೀರಿನ ಪಿಚಕಾರಿಯಲ್ಲಿ ತೊಳೆಯಿಸಿದ್ದನು, ವೈರುಗಳ ಕೂಡುವ ಜಾಗದಲ್ಲಿ ನೀರು ನಿಂತು ಹಸಿರು ಕಿಲುಬು ಕಟ್ಟಿದ್ದಿತು. ಒಂದು ತುಂಡು ಮರಳು ಕಾಗದದಲ್ಲಿ ತಿಕ್ಕಿದಾಗ ಸರಿಹೋಯಿತು. ಅಂದಿನಿಂದ ಬಕೆಟ್ಟು ನೀರು, ಹಳೆಯ ಬನಿಯನ್ನು.

ಬಿಚ್ಚಿದ ಆ ಎರಡು ಬೆಲ್ಟುಗಳನ್ನು ಹುಡುಗನು ಬಿಸಾಡದೆ ಮೈಸೂರಿಗೆ ಒಯ್ದು ತಾಯಿಗೆ ತೋರಿಸಿದನು. ಆಕೆಯು ಅವುಗಳನ್ನು ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿ, ಹೊಸದನ್ನು ಹಾಕಿಸಿದ ತಾರೀಖನ್ನು ಅದರ ಕೆಳಗೆ ಗೋಡೆಯ ಮೇಲೆ ಪೆನ್ಸಿಲಿನಿಂದ ಬರೆದಿಟ್ಟಿದ್ದಾಳೆ. ಹಾಲಿನ ಲೆಕ್ಕವನ್ನೂ ಆಕೆಯು ಅಲ್ಲಿಯೇ ಬರೆಯುವುದು.