ಉಕ್ಕಿನ ಹಾಯಿಹಡಗು

ಸುದ್ದಗುಂಟೆಪಾಳ್ಯದಲ್ಲಿ ಸಮುದ್ರ ಇಲ್ಲ. ಆದರೆ ಮನೆಯಲ್ಲಿ ಬಕೆಟ್ ಇದೆ. ಅದರ ತುಂಬ ನೀರು ಹಿಡಿಯಿರಿ. ಒಂದು ಸ್ಟೀಲ್ ಚಮಚ ಹಾಕಿ. ಮುಳುಗಿತು. ಸ್ಟೀಲ್ ಬಟ್ಟಲನ್ನು ಮೆಲ್ಲಗೆ ಬಿಡಿ. ತೇಲಿತು! ಎರಡೂ ಸ್ಟೀಲೇ. ಹೀಗೇಕೆ?

ಬಟ್ಟಲಿನ ಒಳಗೆ ಖಾಲಿ ಜಾಗ ಇದೆ. ಅದು ತನ್ನ ತೂಕದಷ್ಟು ನೀರನ್ನು ಪಕ್ಕಕ್ಕೆ ತಳ್ಳುತ್ತದೆ. ಅದಕ್ಕೇ ತೇಲುತ್ತದೆ. ಉಕ್ಕಿನ ಹಡಗೂ ಹಾಗೆಯೇ.

ನಮ್ಮ ನೌಕಾಪಡೆಯಲ್ಲಿ ‘ತರಂಗಿಣಿ’ ಎಂಬ ಹಾಯಿಹಡಗು ಇದೆ. ಗೋವಾದಲ್ಲಿ ಕಟ್ಟಿದ್ದು. 1997ರಲ್ಲಿ ನೌಕಾಪಡೆ ಸೇರಿತು. ಉದ್ದ 54 ಮೀಟರ್. ಮೈ ಉಕ್ಕಿನದು. ಮೂರು ಕಂಬ, 20 ಹಾಯಿ. 2003-04ರಲ್ಲಿ ಭೂಮಿಯನ್ನೇ ಸುತ್ತಿ ಬಂತು.

ಗಾಳಿ ಜೋರಾದರೆ ಹಾಯಿಹಡಗು ವಾಲುತ್ತದೆ. ಮಗುಚುವುದಿಲ್ಲವೇ? ಅದರ ತಳದಲ್ಲಿ ಭಾರ ಇಟ್ಟಿರುತ್ತಾರೆ. ತಳ ಭಾರದ ಗೊಂಬೆ ತಳ್ಳಿದರೂ ಎದ್ದು ನಿಲ್ಲುತ್ತದಲ್ಲ, ಹಾಗೆ ಹಡಗೂ ಏಳುತ್ತದೆ.

ಉಕ್ಕು ಏಕೆ ಬೇಕು? ಮಣ್ಣಿನ ಕೊಡ ಬಿದ್ದರೆ ಒಡೆಯುತ್ತದೆ. ಸ್ಟೀಲ್ ಕೊಡ ನೆಗ್ಗುತ್ತದೆ, ಅಷ್ಟೆ. ಬಂಡೆಗೆ ತಾಗಿದರೆ ಉಕ್ಕಿನ ದೋಣಿಯೂ ಹೆಚ್ಚಾಗಿ ನೆಗ್ಗುತ್ತದೆ. ಒಳಗಿನವರ ಜೀವ ಉಳಿಯುತ್ತದೆ. ಆದರೆ ಉಕ್ಕು ಭಾರ. ಗಾಳಿ ಕಡಿಮೆ ಇದ್ದರೆ ಸಣ್ಣ ದೋಣಿ ನಿಧಾನ ಸಾಗುತ್ತದೆ.

ಇನ್ನೊಂದು ಶತ್ರು ತುಕ್ಕು. ಇದು ಅಡುಗೆಮನೆ ಸ್ಟೀಲಿನಂತಲ್ಲ. ಉಪ್ಪುನೀರು ಇದನ್ನು ಬೇಗ ತಿನ್ನುತ್ತದೆ. ಆದ್ದರಿಂದ ತುಕ್ಕು ಕೆರೆದು ಬಣ್ಣ ಹೊಡೆಯುತ್ತಾರೆ. ತಳಕ್ಕೆ ಸತುವಿನ ತುಂಡು ಕಟ್ಟುತ್ತಾರೆ. ಉಪ್ಪುನೀರು ಮೊದಲು ಸತುವನ್ನು ತಿನ್ನುತ್ತದೆ, ಉಕ್ಕು ಉಳಿಯುತ್ತದೆ.

ಈಗ ಬಟ್ಟಲಿಗೆ ನೀರು ತುಂಬಿ. ಮುಳುಗಿತು, ಅಲ್ಲವೇ? ತುಕ್ಕಿನ ಒಂದು ಸಣ್ಣ ತೂತು ಸಾಕು, ಹಡಗಿಗೂ ಇದೇ ಗತಿ. ನಿಮ್ಮ ಮನೆಯ ಕಬ್ಬಿಣದ ಗೇಟನ್ನೂ ಇವತ್ತೇ ನೋಡಿ. ತುಕ್ಕು ಚಿಕ್ಕದಿರುವಾಗಲೇ ಕೆರೆದು ಬಣ್ಣ ಹೊಡೆಯಿರಿ.